‘ಹೋದ ವಾರ ಬರಲಿಲ್ಲವಲ್ಲ’ ಎಂದ ಅಪರಿಚಿತ

ಪ್ರಶ್ನೆ: ನನಗೆ 27 ವರ್ಷ. ಮೈಸೂರಿನ ಕುವೆಂಪುನಗರದಲ್ಲಿ ಅಮ್ಮನ ಜೊತೆ ಇದ್ದೇನೆ. ವಾರವೆಲ್ಲ ಆಫೀಸು. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ, ಒಂದು ಬೆಂಚಿನ ಮೇಲೆ ಕೂತು ಹೆಜ್ಜಾರ್ಲೆಗಳನ್ನು ನೋಡುವುದೇ ನನ್ನ ರಜೆ. ಹೋದ ಭಾನುವಾರ ಐವತ್ತರ ಆಸುಪಾಸಿನ ಒಬ್ಬರು ಬಂದು ಅದೇ ಬೆಂಚಿನ ತುದಿಯಲ್ಲಿ ಕೂತರು. ನೀಟಾಗಿ ಇನ್‌ಶರ್ಟ್ ಮಾಡಿದ್ದರು, ಮಾತು ಮೆತ್ತಗಿತ್ತು. “ನೀವು ಯಾವಾಗಲೂ ಇದೇ ಬೆಂಚು ಅಲ್ವಾ? ಮೂರು ವಾರದಿಂದ ನೋಡ್ತಿದ್ದೀನಿ. ಹೋದ ವಾರ ಬರಲಿಲ್ಲವಲ್ಲ, ಯಾಕೆ? ಇವತ್ತು ಸ್ಕೂಟಿ ನೆರಳಲ್ಲಿ ನಿಲ್ಲಿಸಿದ್ದೀರ, ಒಳ್ಳೇದಾಯ್ತು” ಅಂದರು. ಮನೆ ಎಲ್ಲಿ, ಯಾವ ಕಂಪನಿ ಅಂತೆಲ್ಲ ಕೇಳಿದರು. ನಾನು ನಕ್ಕು, “ಇಲ್ಲೇ ಹತ್ತಿರ” ಎಂದು ಏನೇನೋ ಹೇಳಿ ಎದ್ದು ಬಂದೆ. ಹನ್ನೊಂದೂವರೆಗೆ ದೇವರಾಜ ಮಾರುಕಟ್ಟೆಯಲ್ಲಿ ಹೂ ಕೊಳ್ಳುತ್ತಿದ್ದಾಗ ತಿರುಗಿ ನೋಡಿದರೆ ಅದೇ ವ್ಯಕ್ತಿ ಎದುರು ಸಾಲಿನಲ್ಲಿ ನಿಂತು ನಗುತ್ತಿದ್ದರು. ಏನೂ ಮಾತಾಡಲಿಲ್ಲ. ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ. ಅಮ್ಮ ಇನ್ನು ಕೆರೆಗೆ ಹೋಗಲೇಬೇಡ ಅನ್ನುತ್ತಾರೆ. ಗೆಳತಿ, “ಪಾಪ, ಒಂಟಿ ಮನುಷ್ಯ ಇರಬೇಕು, ನೀನೇ ಜಾಸ್ತಿ ಯೋಚನೆ ಮಾಡ್ತಿದ್ದೀಯ” ಅನ್ನುತ್ತಾಳೆ. ನಕ್ಕು ಮಾತಾಡಿದ್ದು ನನ್ನ ತಪ್ಪೇ? ಪೊಲೀಸರಿಗೆ ಹೇಳುವಂಥದ್ದು ಏನಾದರೂ ಆಗಿದೆಯೇ? ಮತ್ತೆ ಸಿಕ್ಕರೆ ಏನು ಮಾಡಲಿ?

ಉತ್ತರ: ನೀವು ಬರೆದುದರಲ್ಲಿ ಅತಿ ಭಾರವಾದ ಮಾತು “ಮೂರು ವಾರದಿಂದ ನೋಡ್ತಿದ್ದೀನಿ” ಎಂಬುದಲ್ಲ, “ಹೋದ ವಾರ ಬರಲಿಲ್ಲವಲ್ಲ” ಎಂಬುದು. ವಾರವಾರ ಕೆರೆಗೆ ಬರುವವರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಪರಿಚಯವಾಗುವುದು ಸಹಜ. ಕಂಡವರನ್ನು ಗುರುತಿಡಲು ಕಣ್ಣಿದ್ದರೆ ಸಾಕು. ಬಾರದವರನ್ನು ಗುರುತಿಡಬೇಕಾದರೆ ಕಾದಿರಬೇಕು. ಅದರ ಜೊತೆಗೆ ಸ್ಕೂಟರ್ ನಿಲ್ಲಿಸಿದ ಜಾಗವೂ ಅವರಿಗೆ ಗೊತ್ತಿತ್ತು, ಅಂದರೆ ನೀವು ಬೆಂಚಿಗೆ ಬರುವ ಮೊದಲೇ ಅವರ ಗಮನ ನಿಮ್ಮ ಮೇಲಿತ್ತು. ನಿಮ್ಮ ಮೈ ಜುಮ್ಮೆಂದಿದ್ದಕ್ಕೆ ಗಟ್ಟಿ ಕಾರಣವಿದೆ. ಗೆಳತಿ ಹೇಳಿದಂತೆ ಅದು ಜಾಸ್ತಿ ಯೋಚನೆಯಲ್ಲ.

ಮಾರುಕಟ್ಟೆಯ ಭೇಟಿಯನ್ನು ಮಾತ್ರ ಬೇರೆಯಾಗಿ ತೂಗಬೇಕು. ಭಾನುವಾರ ಬೆಳಿಗ್ಗೆ ಅರ್ಧ ಮೈಸೂರು ದೇವರಾಜ ಮಾರುಕಟ್ಟೆಯ ಕಡೆಗೇ ಹೊರಟಿರುತ್ತದೆ. ಅಲ್ಲಿ ಸಿಕ್ಕಿದ್ದು ಆಕಸ್ಮಿಕ ಇರಬಹುದು, ಇಲ್ಲದೆಯೂ ಇರಬಹುದು. ಇವತ್ತು ಅದನ್ನು ತೀರ್ಮಾನಿಸುವ ಅಗತ್ಯವಿಲ್ಲ. ಆ ವ್ಯಕ್ತಿ ಒಂಟಿತನದಿಂದ ಮಾತಿಗೆ ಹಂಬಲಿಸುವವರೋ, ಎಲ್ಲೆ ತಿಳಿಯದವರೋ, ಉದ್ದೇಶವಿಟ್ಟುಕೊಂಡು ಬಂದವರೋ ಎಂಬುದೂ ಅಷ್ಟೆ. ಮೂವರಿಗೂ ನೀವು ಕೊಡಬೇಕಾದ ಉತ್ತರ ಒಂದೇ. ಅವರ ಮನಸ್ಸನ್ನು ಊಹಿಸುತ್ತಾ ಕೂತರೆ ನಿದ್ದೆ ಕೆಡುತ್ತದೆಯೇ ಹೊರತು ಏನೂ ಸಿಗುವುದಿಲ್ಲ.

ಮೊದಲು ನಿಮ್ಮ ನಗುವಿನ ವಿಷಯ, ಏಕೆಂದರೆ ನಿಮ್ಮನ್ನು ಹೆಚ್ಚು ಕೊರೆಯುತ್ತಿರುವುದು ಅದೇ ಎಂದು ಕಾಣುತ್ತದೆ. ಅಪಾಯದ ಸುಳಿವು ಸಿಕ್ಕಾಗ ಮನುಷ್ಯ ಓಡಬಹುದು, ತಿರುಗಿ ಬೀಳಬಹುದು, ಮರಗಟ್ಟಿ ನಿಲ್ಲಬಹುದು, ಇಲ್ಲವೇ ಎದುರಿನವರನ್ನು ಸಮಾಧಾನಪಡಿಸಿ ಜಾರಿಕೊಳ್ಳಬಹುದು. ಈ ಆಯ್ಕೆಯನ್ನು ನಾವು ಯೋಚಿಸಿ ಮಾಡುವುದಿಲ್ಲ. ಯೋಚನೆ ಶುರುವಾಗುವ ಮೊದಲೇ ದೇಹ ಮಾಡಿ ಮುಗಿಸಿರುತ್ತದೆ. ನಿಮ್ಮ ನಗು ನಾಲ್ಕನೆಯ ಬಗೆಯದು. ನೀವು ಅದರಿಂದಲೇ ಕೆಲವು ನಿಮಿಷಗಳಲ್ಲಿ ಬೆಂಚಿನಿಂದ ಎದ್ದು ಬಂದಿರಿ. ಮನೆಯ ವಿಳಾಸ ಕೊಡದೆ “ಇಲ್ಲೇ ಹತ್ತಿರ” ಎಂದದ್ದೂ ಸರಿಯೇ.

ನಮ್ಮ ಕಡೆ ಇನ್ನೊಂದು ತೊಡಕಿದೆ. “ಯಾವ ಕಡೆಯವರು? ಮನೆ ಎಲ್ಲಿ?” ಎಂದು ಕೇಳುವುದು ಮೈಸೂರಿನಲ್ಲಿ ಮರ್ಯಾದೆಯ ಮಾತು. ಹಿರಿಯರು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಡಾಕ್ಟರ ಕ್ಲಿನಿಕ್ಕಿನಲ್ಲಿ ಎಲ್ಲೆಲ್ಲೂ ಕೇಳುತ್ತಾರೆ. ಹಾಗಾಗಿ ಉತ್ತರ ಕೊಡದಿದ್ದರೆ ನಮಗೇ ಮುಜುಗರ. ಆದರೆ ಸುಮ್ಮನೆ ಮಾತಿಗೆ ಕೇಳುವವರಿಗೂ ಮಾಹಿತಿಗೆ ಕೇಳುವವರಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಮಾತಿಗೆ ಕೇಳುವವರು ತಮ್ಮದನ್ನೂ ಹೇಳಿಕೊಳ್ಳುತ್ತಾರೆ: ನಮ್ಮೂರು ಕೆ.ಆರ್. ನಗರ, ಮಗ ಬೆಂಗಳೂರಲ್ಲಿದ್ದಾನೆ, ಮಂಡಿ ನೋವು, ಡಾಕ್ಟರು ನಡೀರಿ ಅಂದ್ರು. ನೀವು ಚುಟುಕಾಗಿ ಉತ್ತರಿಸಿದರೆ ಅರ್ಥಮಾಡಿಕೊಂಡು ಸುಮ್ಮನಾಗುತ್ತಾರೆ. ನೀವು ಬರೆದ ಸಂಭಾಷಣೆಯಲ್ಲಿ ಆ ವ್ಯಕ್ತಿ ತನ್ನ ಬಗ್ಗೆ ಒಂದು ಮಾತೂ ಹೇಳಿಲ್ಲ. ಪ್ರಶ್ನೆಗಳೆಲ್ಲ ಒಂದೇ ಕಡೆಗೆ ಹರಿದಿವೆ, ಅದೂ ನಿಮ್ಮ ಬೆಂಚು, ಗಾಡಿ, ಮನೆ, ಕಂಪನಿ ಎಂದು, ನಿಮ್ಮನ್ನು ಮತ್ತೆ ಹುಡುಕಲು ಬೇಕಾಗುವ ನಾಲ್ಕು ವಿಷಯಗಳ ಕಡೆಗೇ.

ಮತ್ತೆ ಸಿಕ್ಕರೆ ಹೇಳಬೇಕಾದ್ದನ್ನು ಈಗಲೇ ಬಾಯಿಪಾಠ ಮಾಡಿಕೊಳ್ಳಿ. ಗಾಬರಿಯಲ್ಲಿ ಹೊಸ ವಾಕ್ಯ ಹುಟ್ಟುವುದಿಲ್ಲ, ಅಭ್ಯಾಸವಾದದ್ದು ಮಾತ್ರ ಬಾಯಿಗೆ ಬರುತ್ತದೆ. “ನಿಮ್ಮ ಪರಿಚಯ ನನಗಿಲ್ಲ. ನಿಮ್ಮ ಜೊತೆ ಮಾತಾಡೋಕೆ ನನಗೆ ಇಷ್ಟ ಇಲ್ಲ. ದೂರ ಹೋಗಿ.” ಇಷ್ಟೇ. ಮನೆಯಲ್ಲಿ ಬಾಗಿಲು ಹಾಕಿಕೊಂಡು, ನಿಂತುಕೊಂಡು, ಹತ್ತು ಹೆಜ್ಜೆ ಆಚೆಗೆ ಕೇಳಿಸುವಷ್ಟು ದನಿಯಲ್ಲಿ ಹತ್ತು ಸಲ ಹೇಳಿ ನೋಡಿ. ಮೊದಲ ಎರಡು ಮೂರು ಸಲ ದನಿ ಕೊನೆಯಲ್ಲಿ ಏರಿ ಪ್ರಶ್ನೆಯಂತೆ ಕೇಳಿಸುತ್ತದೆ. ಅದನ್ನು ಇಳಿಸಿ ನಿಲ್ಲಿಸುವುದನ್ನು ಕಲಿಯಬೇಕು. ಹೇಳುವಾಗ ನಗಬಾರದು, ‘ಸಾರಿ’ ಸೇರಿಸಬಾರದು.

ಮುಖ್ಯವಾಗಿ ಕಾರಣ ಕೊಡಬಾರದು. “ನನಗೆ ಟೈಮಾಯ್ತು” ಎಂದರೆ “ಹಾಗಾದ್ರೆ ಮುಂದಿನ ವಾರ” ಎಂಬ ಉತ್ತರ ಸಿದ್ಧವಿರುತ್ತದೆ. “ನನಗೆ ಮದುವೆಯಾಗಿದೆ” ಎಂದರೆ ಮದುವೆಯ ಬಗ್ಗೆ ಮಾತು ಹೊರಡುತ್ತದೆ. ಕೊಟ್ಟ ಪ್ರತಿ ಕಾರಣವೂ ಅವರಿಗೆ ಹಿಡಿದುಕೊಳ್ಳಲು ಸಿಕ್ಕ ಎಳೆ. “ನಾನೇನು ಮಾಡ್ದೆ? ಸುಮ್ನೆ ಮಾತಾಡಿಸಿದ್ರೆ ತಪ್ಪಾ?” ಎಂದು ಕೇಳಿದರೆ ಅದಕ್ಕೂ ಉತ್ತರ ಬೇಡ. ಅದೇ ಮೂರು ವಾಕ್ಯವನ್ನು ಇನ್ನೊಮ್ಮೆ ಹೇಳಿ, ಜನರಿರುವ ಕಡೆ ನಡೆಯಿರಿ.

ಇಲ್ಲಿ ‘ನೀವು’ ಎಂದೇ ಹೇಳಬೇಕು. ಸಿಟ್ಟಿನಲ್ಲಿ “ಹೋಗೋ, ಏನೋ ನಿಂದು” ಎಂದುಬಿಡುವುದು ಸುಲಭ. ಆದರೆ ಏಕವಚನದಲ್ಲಿ ಬೈಯುವ ಹೆಣ್ಣು, ಬೈಸಿಕೊಳ್ಳುವ ಗಂಡು ಎಂದರೆ ದಾರಿಹೋಕರ ಕಣ್ಣಿಗೆ ಅದು ಪರಿಚಯದವರ ಜಗಳ. ಮನೆ ವಿಷಯ ನಮಗ್ಯಾಕೆ ಎಂದು ಸರಿದುಹೋಗುತ್ತಾರೆ. “ಯಾರ್ರೀ ನೀವು? ಯಾಕ್ರೀ ನನ್ನ ಹಿಂದೆ ಬರ್ತಿದ್ದೀರ?” ಎಂದು ಬಹುವಚನದಲ್ಲಿ ಜೋರಾಗಿ ಕೇಳಿದರೆ, ಈ ಮನುಷ್ಯ ಇವಳಿಗೆ ಗೊತ್ತಿಲ್ಲದವನು ಎಂಬುದು ಸುತ್ತಲಿನವರಿಗೆ ಒಂದೇ ಕ್ಷಣದಲ್ಲಿ ತಿಳಿಯುತ್ತದೆ. ಕನ್ನಡ ನಿಮಗೆ ಕೊಟ್ಟಿರುವ ಈ ಅನುಕೂಲವನ್ನು ಬಳಸಿಕೊಳ್ಳಿ.

ಸಹಾಯ ಕೇಳುವುದಕ್ಕೂ ಒಂದು ರೀತಿಯಿದೆ. “ಯಾರಾದ್ರೂ ಬನ್ನಿ” ಎಂದರೆ ಯಾರೂ ಬರದಿರಬಹುದು. ಅವರು ಕೆಟ್ಟವರೆಂದಲ್ಲ, ಹತ್ತು ಜನರಿದ್ದಾಗ ಪ್ರತಿಯೊಬ್ಬರೂ ಇನ್ನೊಬ್ಬರು ಹೋಗುತ್ತಾರೆ ಎಂದು ಕಾಯುತ್ತಾರೆ. ಒಬ್ಬರನ್ನು ಆರಿಸಿ, ಗುರುತು ಹಿಡಿದು ಕರೆಯಿರಿ: “ನೀಲಿ ಸ್ವೆಟರ್ ಹಾಕಿರೋ ಅಮ್ಮ, ಸ್ವಲ್ಪ ನನ್ನ ಜೊತೆ ಗೇಟಿನ ತನಕ ಬರ್ತೀರಾ? ಇವರು ನನ್ನ ಹಿಂದೆ ಬರ್ತಿದ್ದಾರೆ.” “ಅಣ್ಣ, ಟೋಪಿ ಹಾಕಿರೋ ಅಣ್ಣ, ಒಂದ್ನಿಮಿಷ ಇಲ್ಲೇ ನಿಂತ್ಕೊಳ್ಳಿ.” ಏನು ಮಾಡಬೇಕೆಂಬುದು ಸ್ಪಷ್ಟವಾಗಿದ್ದರೆ ಜನ ಮಾಡುತ್ತಾರೆ. ಗುಂಪಾಗಿ ನಡೆಯುವ ನಿವೃತ್ತರು, ಗಂಡ ಹೆಂಡತಿ ಜೋಡಿ, ಮಕ್ಕಳ ಜೊತೆ ಬಂದ ತಾಯಂದಿರು ಮೊದಲ ಆಯ್ಕೆ.

ಇನ್ನು, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನವನ್ನು ಖಚಿತ ಮಾಡಿಕೊಳ್ಳುವ ಬಗೆ. ನಡೆಯುವಾಗಲಾದರೆ ರಸ್ತೆ ದಾಟಿ, ಐವತ್ತು ಹೆಜ್ಜೆ ಹೋಗಿ, ಒಂದು ಅಂಗಡಿಯ ಮುಂದೆ ನಿಂತು ಪೂರ್ತಿ ತಿರುಗಿ ನೋಡಿ. ಕದ್ದು ನೋಡುವ ಅಗತ್ಯವಿಲ್ಲ, ನೀವು ಗಮನಿಸಿದ್ದೀರಿ ಎಂದು ಅವರಿಗೆ ಗೊತ್ತಾಗುವುದು ಒಳ್ಳೆಯದೇ. ಆಮೇಲೆ ಬಂದ ದಾರಿಯಲ್ಲೇ ವಾಪಸ್ ನಡೆಯಿರಿ. ಒಂದು ಸಲ ಜೊತೆಗೆ ತಿರುಗಿದರೆ ಏನೂ ಹೇಳಲಾಗದು. ಕಾರಣವಿಲ್ಲದೆ ನೀವು ಮಾಡಿದ ಮೂರು ಬದಲಾವಣೆಗೂ ಒಬ್ಬರು ಹೊಂದಿಕೊಂಡರೆ ಅದು ಹಿಂಬಾಲಿಸುವುದೇ.

ಸ್ಕೂಟರಿನಲ್ಲಿದ್ದರೆ ಸತತವಾಗಿ ನಾಲ್ಕು ಸಲ ಎಡಕ್ಕೆ ತಿರುಗಿ. ಕುವೆಂಪುನಗರ, ಸರಸ್ವತಿಪುರಂನಂಥ ಕ್ರಾಸು ಮೇನುಗಳ ಬಡಾವಣೆಯಲ್ಲಿ ಇದು ಸುಲಭ, ಎಡ ತಿರುವಿಗೆ ಎದುರು ಗಾಡಿಗಳಿಗೆ ಕಾಯಬೇಕಾಗಿಲ್ಲ. ನಾಲ್ಕನೆಯ ತಿರುವಿಗೆ ನೀವು ಹೊರಟಲ್ಲಿಗೇ ಬಂದಿರುತ್ತೀರಿ. ಸ್ವಂತ ಕೆಲಸಕ್ಕೆ ಹೊರಟ ಯಾರೂ ಹೀಗೆ ಒಂದು ಸುತ್ತು ಹೊಡೆಯುವುದಿಲ್ಲ. ಕನ್ನಡಿಯಲ್ಲಿ ಅದೇ ಗಾಡಿ ಇನ್ನೂ ಕಂಡರೆ ಮನೆಗೆ ಹೋಗಲೇಬೇಡಿ. ಹೆದರಿದವರು ಮಾಡುವ ಸಾಮಾನ್ಯ ತಪ್ಪು ಇದೇ, ಸೀದಾ ಮನೆಗೆ ಓಡಿ ಬಾಗಿಲು ಹಾಕಿಕೊಳ್ಳುವುದು. ಆಗ ಅವರಿಗೆ ಬೇಕಾಗಿದ್ದ ವಿಳಾಸ ಸಿಕ್ಕಿತು. ಪೆಟ್ರೋಲ್ ಬಂಕು, ಪೊಲೀಸ್ ಠಾಣೆ, ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಆಸ್ಪತ್ರೆಯ ತುರ್ತು ವಿಭಾಗ, ಇವುಗಳಲ್ಲಿ ಹತ್ತಿರದ್ದಕ್ಕೆ ಹೋಗಿ ಅಲ್ಲಿಂದ 112ಕ್ಕೆ ಕರೆ ಮಾಡಿ.

ದೇವರಾಜ ಮಾರುಕಟ್ಟೆಯ ಜನಜಂಗುಳಿ ಹೆದರಿಕೆ ಹುಟ್ಟಿಸಿದರೂ ನಿಜಕ್ಕೂ ನಿಮ್ಮ ಪರವಾಗಿಯೇ ಇದೆ. ಸಯ್ಯಾಜಿ ರಾವ್ ರಸ್ತೆಯ ಕಡೆಗೂ ಧನ್ವಂತ್ರಿ ರಸ್ತೆಯ ಕಡೆಗೂ ಚಿಕ್ಕ ಗಡಿಯಾರದ ಕಡೆಗೂ ಹೊರಬರಲು ದಾರಿಗಳಿವೆ. ವಾರವಾರ ಹೂ ಕೊಳ್ಳುವ ಅಂಗಡಿಯವರಿಗೆ ನಿಮ್ಮ ಮುಖ ಗೊತ್ತಿರುತ್ತದೆ. ಅಂಥವರ ಬಳಿ ನಿಂತು, “ಅಣ್ಣ, ಅಲ್ಲಿ ನಿಂತಿರೋರು ಬೆಳಿಗ್ಗೆಯಿಂದ ನನ್ನ ಹಿಂದೆ ಇದ್ದಾರೆ ಅನ್ಸುತ್ತೆ, ನೀವು ಯಾವಾಗ್ಲಾದ್ರೂ ನೋಡಿದ್ದೀರಾ?” ಎಂದು ಕೇಳಬಹುದು. ನಿಮಗೆ ಒಬ್ಬ ಸಾಕ್ಷಿ ಸಿಗುತ್ತಾರೆ, ಆ ವ್ಯಕ್ತಿಗೆ ತಾನು ನಾಲ್ಕು ಜನರ ಕಣ್ಣಿಗೆ ಬಿದ್ದೆ ಎಂದು ಗೊತ್ತಾಗುತ್ತದೆ. ಮಾರುಕಟ್ಟೆಯಿಂದ ಹೊರಟು ಗಾಡಿ ಹತ್ತುವಾಗ ಕೀ ಮೊದಲೇ ಕೈಯಲ್ಲಿರಲಿ. ಗಾಡಿಯ ಮೇಲೆ ಕೂತು ಮೊಬೈಲ್ ನೋಡುತ್ತಾ ಇರಬೇಡಿ, ಅಷ್ಟು ಹೊತ್ತು ನಿಮ್ಮ ಕಣ್ಣೂ ಕಿವಿಯೂ ಬೇರೆಲ್ಲೋ ಇರುತ್ತವೆ.

ಖಾರದ ಸ್ಪ್ರೇ ಬಗ್ಗೆ ನೀವು ಕೇಳಿಲ್ಲ, ಆದರೆ ಇಂಥ ಸಂದರ್ಭದಲ್ಲಿ ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ಕೆರೆ ಏರಿಯ ಮೇಲೆ ಗಾಳಿ ಸದಾ ಇರುತ್ತದೆ, ಎದುರುಗಾಳಿಗೆ ಹೊಡೆದರೆ ನಿಮ್ಮ ಕಣ್ಣಿಗೇ ಬರುತ್ತದೆ. ಅವಧಿ ಮುಗಿದ ಡಬ್ಬಿಯಲ್ಲಿ ಒತ್ತಡ ಕುಗ್ಗಿರಬಹುದು. ಮಾತಾಡಿಸಲು ಬಂದವರ ಮೇಲೆ ಅದನ್ನು ಬಳಸಿದರೆ ನೀವೇ ಉತ್ತರ ಕೊಡಬೇಕಾದ ಸ್ಥಿತಿಯೂ ಬರಬಹುದು. ಕೀ ಗೊಂಚಲಿಗೆ ಒಂದು ಗಟ್ಟಿ ಸೀಟಿ ಕಟ್ಟಿಕೊಳ್ಳುವುದು ನಮ್ಮ ಸಲಹೆ.

ಮೊಬೈಲಿನಲ್ಲಿ ಎರಡು ಕೆಲಸ ಇವತ್ತೇ ಮಾಡಿ. ಪವರ್ ಬಟನ್ನನ್ನು ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಈಗಿನ ಫೋನುಗಳಲ್ಲಿದೆ. ಕೆಲವದರಲ್ಲಿ ಮೂರು ಸಲ, ಕೆಲವದರಲ್ಲಿ ಐದು ಸಲ ಒತ್ತಬೇಕು. ನಿಮ್ಮದರಲ್ಲಿ ಎಷ್ಟು ಎಂದು ಸೆಟ್ಟಿಂಗ್ಸ್‌ನ ತುರ್ತು ವಿಭಾಗದಲ್ಲಿ ನೋಡಿ, ಅಮ್ಮನ ನಂಬರನ್ನೂ ಅಲ್ಲಿ ಸೇರಿಸಿ. ಇನ್ನೊಂದು, ವಾಟ್ಸಾಪ್‌ನ ಲೈವ್ ಲೊಕೇಶನ್. 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರು ಆಯ್ಕೆಗಳಿವೆ. ಕೆರೆಗೆ ಒಂದು ಗಂಟೆ ಸಾಲದೆ ಹೋಗಬಹುದು, 8 ಗಂಟೆಯದನ್ನು ಒತ್ತಿ, ಮನೆಗೆ ಬಂದ ಮೇಲೆ ನಿಲ್ಲಿಸಿ.

ಈಗ ಪೊಲೀಸರ ವಿಷಯ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹೆಣ್ಣುಮಕ್ಕಳನ್ನು ಹಿಂಬಾಲಿಸುವುದು ಅದರ 78ನೇ ಕಲಂ ಪ್ರಕಾರ ಅಪರಾಧ. 2013ರ ತಿದ್ದುಪಡಿಯಲ್ಲಿ ಹಳೆಯ ದಂಡ ಸಂಹಿತೆಗೆ 354ಡಿ ಎಂದು ಸೇರಿದ್ದ ಕಲಮೇ ಇದು. ಮೊದಲ ಸಲ ಸಾಬೀತಾದರೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ, ಮತ್ತೆ ಮಾಡಿದರೆ ಐದು ವರ್ಷದವರೆಗೆ. ಈ ಕಲಮಿನ ಹೃದಯ ಒಂದು ಷರತ್ತಿನಲ್ಲಿದೆ: ಹೆಣ್ಣು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಪದೇ ಪದೇ ಹಿಂಬಾಲಿಸಿ ಸಂಪರ್ಕಿಸಬೇಕು ಅಥವಾ ಸಂಪರ್ಕಿಸಲು ಯತ್ನಿಸಬೇಕು. ನೀವು ಇನ್ನೂ ‘ಬೇಡ’ ಎಂದು ಹೇಳಿಲ್ಲ. ಹೇಳಬೇಕಾಗಿತ್ತು ಎಂದು ದೂರುತ್ತಿಲ್ಲ. ಆದರೆ ಇವತ್ತಿನ ಸ್ಥಿತಿಯಲ್ಲಿ ಈ ಕಲಂ ಪೂರ್ತಿ ಕೂಡಿಬರುವುದು ಕಷ್ಟ. ಮೇಲೆ ಹೇಳಿದ ಮೂರು ವಾಕ್ಯಗಳನ್ನು ಒಮ್ಮೆ ಗಟ್ಟಿಯಾಗಿ, ಸಾಧ್ಯವಾದರೆ ಇನ್ನೊಬ್ಬರ ಎದುರಿನಲ್ಲಿ ಹೇಳಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ಆಮೇಲೆ ಅವರು ಇಡುವ ಪ್ರತಿ ಹೆಜ್ಜೆಯೂ ದೂರಿಗೆ ಬಲ ಕೊಡುತ್ತದೆ. ಮೈಮುಟ್ಟಿದರೆ, ಅಸಭ್ಯ ಮಾತು ಅಥವಾ ಸನ್ನೆ ಮಾಡಿದರೆ, ದಾರಿಗೆ ಅಡ್ಡ ನಿಂತು ತಡೆದರೆ, ಅವಕ್ಕೆ ಬೇರೆ ಕಲಮುಗಳಿವೆ (74, 79, 126). ಅಲ್ಲಿ ಎರಡನೆಯ ಸಲಕ್ಕೆ ಕಾಯಬೇಕಾಗಿಲ್ಲ.

ಹಾಗೆಂದು ಈಗ ಠಾಣೆಗೆ ಹೋಗುವುದು ವ್ಯರ್ಥವಲ್ಲ. ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆದು ಅರ್ಜಿಯಾಗಿ ಕೊಡಿ. ‘ಮಾಹಿತಿಗಾಗಿ ಮತ್ತು ಗಸ್ತು ಹೆಚ್ಚಿಸುವಂತೆ ಕೋರಿ’ ಎಂದು ವಿಷಯದ ಸಾಲಿನಲ್ಲಿ ಬರೆಯಬಹುದು. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಠಾಣೆಯ ಸೀಲು, ದಿನಾಂಕ, ಪಡೆದವರ ಸಹಿ ಹಾಕಿಸಿಕೊಳ್ಳಿ. ಆ ಕೆರೆಯ ಬೀಟ್ ಪೊಲೀಸರು ಯಾರೆಂದು ಕೇಳಿ, ಅವರ ನಂಬರ್ ಪಡೆಯಿರಿ. ನಾಳೆ ಇನ್ನೇನಾದರೂ ಆದರೆ, ಆ ದಿನವೇ ಹೇಳಿದ್ದೆ ಎನ್ನಲು ಆ ಸೀಲು ಬಿದ್ದ ಹಾಳೆ ಇರುತ್ತದೆ. ಇದೇ ವ್ಯಕ್ತಿಯ ಬಗ್ಗೆ ಬೇರೆ ಯಾರಾದರೂ ಅರ್ಜಿ ಕೊಟ್ಟಿದ್ದರೆ ಎರಡೂ ಒಂದುಗೂಡುವುದು ಹೀಗೆಯೇ.

ಮುಂದೆ ದೂರು ಕೊಡುವ ಸಂದರ್ಭ ಬಂದರೆ ನೆನಪಿರಲಿ: ದೂರು, ತನಿಖೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು, ‘ನಮ್ಮ ಸರಹದ್ದಲ್ಲ’ ಎಂದು ಕಳಿಸುವಂತಿಲ್ಲ. ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಹಿಂಬಾಲಿಸುವಿಕೆಯಂಥ ಅಪರಾಧಗಳಲ್ಲಿ ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಮೇಲಧಿಕಾರಿಗೆ, ಮೈಸೂರು ನಗರದಲ್ಲಾದರೆ ಪೊಲೀಸ್ ಆಯುಕ್ತರ ಕಚೇರಿಗೆ, ಕಳಿಸಬಹುದು. ಘಟನೆ ನಡೆಯುತ್ತಿರುವಾಗ ಮಾತ್ರ ಈ ಯಾವ ಯೋಚನೆಯೂ ಬೇಡ, 112 ಒತ್ತಿ. ಸಲಹೆಗೆ, ಆಸರೆಗೆ ಮಹಿಳಾ ಸಹಾಯವಾಣಿ 181 ಇದೆ.

ಅರ್ಜಿಗೂ ಮುಂದಿನದಕ್ಕೂ ಬುನಾದಿ ನಿಮ್ಮ ಬರವಣಿಗೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಇವತ್ತೇ ಬರೆಯಿರಿ, ದಿನ ಕಳೆದಂತೆ ನೆನಪು ತನ್ನಷ್ಟಕ್ಕೆ ತೇಪೆ ಹಾಕಿಕೊಳ್ಳುತ್ತದೆ. ದಿನಾಂಕ, ಗಂಟೆ, ಜಾಗ, ಯಾವ ಗೇಟಿನಿಂದ ಎಷ್ಟು ದೂರದ ಬೆಂಚು. ಅವರ ಮಾತುಗಳನ್ನು ಅವರು ಆಡಿದ ಹಾಗೆಯೇ ಬರೆಯಿರಿ, ‘ಅಸಭ್ಯವಾಗಿ ಮಾತಾಡಿದರು’ ಎಂದು ಸಾರಾಂಶ ಮಾಡಬೇಡಿ. ಎತ್ತರವನ್ನು ಅಡಿ ಲೆಕ್ಕದಲ್ಲಿ ಊಹಿಸುವುದಕ್ಕಿಂತ ಯಾವುದಕ್ಕಾದರೂ ಹೋಲಿಸಿ: ನನ್ನ ತಲೆ ಅವರ ಭುಜಕ್ಕೆ ಬರುತ್ತದೆ ಎನ್ನುವಂತೆ. ಶರ್ಟಿನ ಬಣ್ಣ ಎಲ್ಲರೂ ನೋಡುತ್ತಾರೆ, ಆದರೆ ಶರ್ಟು ದಿನಕ್ಕೊಂದು. ಚಪ್ಪಲಿ ಅಥವಾ ಶೂ, ವಾಚು, ಕನ್ನಡಕದ ಚೌಕಟ್ಟು, ನಡಿಗೆಯ ರೀತಿ, ಯಾವ ಕೈಯಲ್ಲಿ ಫೋನು, ಮಾತಿನಲ್ಲಿ ಯಾವ ಸೀಮೆಯ ಎಳೆ, ಇವು ಬದಲಾಗುವುದಿಲ್ಲ. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆಯಿರಿ. ಆಮೇಲೆ ನೆನಪಾದದ್ದನ್ನು ಹಳೆಯ ಪುಟ ತಿದ್ದಿ ಸೇರಿಸದೆ, ಹೊಸ ದಿನಾಂಕ ಹಾಕಿ ಕೆಳಗೆ ಬರೆಯಿರಿ.

ಮಾರುಕಟ್ಟೆಯ ಸುತ್ತಲಿನ ಅಂಗಡಿಗಳ ಸಿಸಿಟಿವಿಯಲ್ಲಿ ಆ ದೃಶ್ಯ ಇರಬಹುದು. ತಡಮಾಡಿದರೆ ಸಿಗುವುದಿಲ್ಲ, ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದು ದಾಖಲಾಗುತ್ತದೆ. ಹೆಚ್ಚು ಜನ ಸೇರುವ ವಾಣಿಜ್ಯ ಸ್ಥಳಗಳು 30 ದಿನ ಇಟ್ಟುಕೊಳ್ಳಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ, ಚಿಕ್ಕ ಅಂಗಡಿಗಳಲ್ಲಿ ವಾರಕ್ಕೇ ಅಳಿದುಹೋಗಬಹುದು. ಅಂಗಡಿಯವರು ನಿಮಗೆ ದೃಶ್ಯ ಕೊಡಲು ಒಪ್ಪದಿರಬಹುದು. ಅಳಿಸದೆ ತೆಗೆದಿಡಿ, ಪೊಲೀಸರು ಕೇಳಿದರೆ ಕೊಡಿ ಎಂದು ವಿನಂತಿಸಿ. ಅವರ ಯಂತ್ರದ ಗಡಿಯಾರವನ್ನೂ ನಿಮ್ಮ ಫೋನಿನ ಗಡಿಯಾರವನ್ನೂ ಹೋಲಿಸಿ ವ್ಯತ್ಯಾಸ ಬರೆದುಕೊಳ್ಳಿ, ಬಹಳ ಕಡೆ ಅದು ತಪ್ಪಿರುತ್ತದೆ. ನೀವೇ ಫೋಟೋ ತೆಗೆದಿದ್ದರೆ ಮೂಲ ಫೈಲನ್ನು ಫೋನಿನಲ್ಲೇ ಉಳಿಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ಸಮಯ ಮತ್ತು ಸ್ಥಳದ ಮಾಹಿತಿಯೂ ಹೋಗುತ್ತದೆ. ಆ ಫೋಟೋವನ್ನು ‘ಇವರನ್ನು ಯಾರಾದರೂ ಬಲ್ಲಿರಾ’ ಎಂದು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಹೋಲುವ ಮುಖದ ಬೇರೊಬ್ಬರಿಗೆ ತೊಂದರೆಯಾದರೆ ಹೊಣೆ ನಿಮ್ಮದಾಗುತ್ತದೆ, ಆ ವ್ಯಕ್ತಿಗೂ ನಿಮ್ಮ ಹೆಸರು, ಖಾತೆ ಕೈಗೆ ಸಿಗುತ್ತದೆ.

ನಿಮ್ಮ ಬಗ್ಗೆ ಇನ್ನೆಷ್ಟು ಅವರಿಗೆ ಗೊತ್ತಾಗಿರಬಹುದು ಎಂಬುದನ್ನೂ ನೋಡಿಕೊಳ್ಳಿ. ಸ್ಕೂಟರಿನ ಮೇಲೆ ಕಂಪನಿಯ ಅಥವಾ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸ್ಟಿಕ್ಕರ್ ಇದ್ದರೆ ತೆಗೆಯಿರಿ, ‘ಮನೆ ಎಲ್ಲಿ’ ಎಂಬ ಪ್ರಶ್ನೆಗೆ ಅದೇ ಉತ್ತರ ಹೇಳುತ್ತಿರುತ್ತದೆ. ನಡಿಗೆ ಲೆಕ್ಕ ಹಾಕುವ ಆಪ್ ಬಳಸುತ್ತಿದ್ದರೆ ನಿಮ್ಮ ದಾರಿಯ ನಕ್ಷೆ ಎಲ್ಲರಿಗೂ ಕಾಣುವಂತಿದೆಯೇ ಎಂದು ಪರೀಕ್ಷಿಸಿ. ಕೆರೆಯ ಫೋಟೋಗಳನ್ನು ಅಲ್ಲಿಂದಲೇ ಸ್ಟೇಟಸ್ ಹಾಕದೆ ಸಂಜೆ ಹಾಕಿ. ಫೋನ್ ನಂಬರ್ ಕೊಡುವುದೆಂದರೆ ಹೆಸರನ್ನೂ ಕೊಟ್ಟಂತೆ, ಯುಪಿಐ ಆಪ್‌ನಲ್ಲಿ ನಂಬರ್ ಹಾಕಿದರೆ ಬ್ಯಾಂಕ್ ಖಾತೆಯ ಹೆಸರು ತೆರೆದುಕೊಳ್ಳುತ್ತದೆ. ಸ್ಕೂಟರಿನ ಸೀಟಿನ ಕೆಳಗೆ, ಮುಂದಿನ ಬುಟ್ಟಿಯಲ್ಲಿ ಗೊತ್ತಿಲ್ಲದ ಪುಟ್ಟ ವಸ್ತು ಏನಾದರೂ ಇದೆಯೇ ಎಂದು ಒಮ್ಮೆ ಕೈಯಾಡಿಸಿ. ಗಾಡಿ ಎಲ್ಲಿದೆ ಎಂದು ಇಟ್ಟವರ ಫೋನಿಗೆ ತಿಳಿಸುವ ಬ್ಲೂಟೂತ್ ಟ್ರ್ಯಾಕರ್‌ಗಳು ಹೆಚ್ಚುಕಡಿಮೆ ನಾಣ್ಯದಷ್ಟೇ ಗಾತ್ರದವು. ನಿಮ್ಮ ವಿಷಯದಲ್ಲಿ ಹಾಗಿರುವ ಸಂಭವ ಕಡಿಮೆ, ಆದರೂ ನೋಡಲು ಎರಡು ನಿಮಿಷ ಸಾಕು.

ನಿದ್ದೆಯ ಬಗ್ಗೆ. ಗಾಬರಿಯಲ್ಲಿ ಹರಿದ ಅಡ್ರಿನಲಿನ್ ಗಂಟೆಯೊಳಗೆ ಇಳಿಯುತ್ತದೆ, ಕಾವಲು ಕಾಯುವ ಮನಸ್ಸು ಮಾತ್ರ ಕೆಲವು ದಿನ ಎಚ್ಚರವಾಗಿಯೇ ಇರುತ್ತದೆ. ಸದ್ದಿಗೆ ಬೆಚ್ಚುವುದು, ಆ ನಗು ಕಣ್ಣಿಗೆ ಕಟ್ಟುವುದು, ಬಾಗಿಲು ಹಾಕಿದ್ದೇನೆಯೇ ಎಂದು ಮತ್ತೆ ನೋಡುವುದು ಮೊದಲ ಎರಡು ವಾರದಲ್ಲಿ ಸಹಜ. ಮಧ್ಯಾಹ್ನದ ಮೇಲೆ ಕಾಫಿ ಬಿಡಿ. ನಮ್ಮವರಿಗೆ ಇದು ಕಷ್ಟವೇ, ಆದರೂ ಎರಡು ವಾರದ ಮಟ್ಟಿಗೆ ಬಿಡಿ. ಮಲಗುವ ಮುಂಚೆ ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ಬಿಡಿ, ಐದು ನಿಮಿಷ. ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ. ನಡೆದದ್ದನ್ನು ಬಂದವರಿಗೆಲ್ಲ ಮೊದಲಿಂದ ಕೊನೆಯವರೆಗೆ ಹೇಳುವ ಅಗತ್ಯವಿಲ್ಲ, ಹೇಳಬೇಕೆನಿಸಿದಾಗ ನಂಬುವ ಒಬ್ಬರಿಗೆ ಹೇಳಿ. ಒಂದು ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ, ಆಫೀಸಿಗೆ ಹೊರಡಲೂ ಹಿಂಜರಿಕೆಯಾದರೆ, ಎದೆ ಹೊಡೆದುಕೊಳ್ಳುವುದು ಹೆಚ್ಚಾದರೆ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ.

ಕೆರೆಗೆ ಹೋಗಬೇಕೋ ಬೇಡವೋ ಎಂಬಲ್ಲಿ ಅಮ್ಮನ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ, ಅವರ ಭಯಕ್ಕೆ ಪೂರ್ತಿ ಗೌರವವಿದೆ. ಹೆದರಿದ ಜಾಗವನ್ನು ಬಿಟ್ಟಷ್ಟು ದಿನವೂ ಅದು ಮನಸ್ಸಿನಲ್ಲಿ ಇನ್ನಷ್ಟು ಭಯಂಕರವಾಗುತ್ತದೆ. ಇವತ್ತು ಕೆರೆ ಬಿಟ್ಟರೆ ನಾಳೆ ಮಾರುಕಟ್ಟೆ, ಆಚೆ ನಾಳೆ ಬಸ್ಸು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಆ ಕೆರೆಯ ಏರಿ ಊರಿನ ಎಲ್ಲರದೂ, ನಿಮ್ಮದೂ. ಜಾಗ ಬಿಡಬೇಡಿ, ರೂಢಿ ಬದಲಿಸಿ. ಆ ವ್ಯಕ್ತಿಯ ಕೈಯಲ್ಲಿದ್ದದ್ದು ನಿಮ್ಮ ರೂಢಿ ಮಾತ್ರ: ಅದೇ ದಿನ, ಅದೇ ಹೊತ್ತು, ಅದೇ ಬೆಂಚು. ಮುಂದಿನ ಮೂರು ವಾರ ಒಬ್ಬರೇ ಹೋಗಬೇಡಿ. ಒಂದು ವಾರ ಶನಿವಾರ, ಇನ್ನೊಂದು ವಾರ ಭಾನುವಾರ ಒಂದು ಗಂಟೆ ತಡವಾಗಿ ಹೋಗಿ, ಬೇರೆ ಗೇಟಿನಿಂದ ಒಳಗೆ ಬನ್ನಿ. ಗಾಡಿಯನ್ನು ಜನ ಓಡಾಡುವಲ್ಲಿ ನಿಲ್ಲಿಸಿ. ಬೆಂಚು ಆರಿಸುವಾಗ ಎರಡೂ ಕಡೆಗೆ ಎದ್ದು ಹೋಗಲು ದಾರಿ ಇರಲಿ, ಹಿಂದೆ ಪೊದೆ ಬೇಡ. ಯಾರಾದರೂ ಪಕ್ಕದಲ್ಲಿ ಕೂರಬಾರದು ಎಂದಿದ್ದರೆ ಬ್ಯಾಗನ್ನು ಪಕ್ಕಕ್ಕಿಟ್ಟು ಬೆಂಚಿನ ನಡುವೆ ಕೂರಿ. ಗೇಟಿನ ಕಾವಲುಗಾರರಿಗೂ ದಿನಾ ಬರುವ ಇಬ್ಬರು ಹಿರಿಯರಿಗೂ ವಿಷಯ ತಿಳಿಸಿಡಿ. ಆ ವ್ಯಕ್ತಿಯನ್ನು ಅವರು ಬಲ್ಲವರೇ ಇರಬಹುದು, ಬೇರೆಯವರಿಂದಲೂ ದೂರು ಕೇಳಿರಬಹುದು.

ಆದರೆ ಈ ಮೂರು ವಾರದಲ್ಲಿ ಅವರು ನಿಮ್ಮ ಆಫೀಸಿನ ಅಥವಾ ಮನೆಯ ಹತ್ತಿರ ಕಂಡರೆ ಮೇಲಿನ ಯಾವ ಹಂತಕ್ಕೂ ಕಾಯಬೇಡಿ. ಕೆರೆಯೂ ಮಾರುಕಟ್ಟೆಯೂ ಎಲ್ಲರೂ ಹೋಗುವ ಜಾಗ, ನಿಮ್ಮ ಮನೆಯ ಕ್ರಾಸು ಅಲ್ಲ. ಅವತ್ತೇ ಠಾಣೆಗೆ ಹೋಗಿ, ಸೀಲು ಬಿದ್ದ ಅರ್ಜಿಯನ್ನೂ ನೋಟ್‌ಬುಕ್ಕನ್ನೂ ಮುಂದಿಟ್ಟು ದೂರು ಕೊಡಿ.

ಅಮ್ಮನಿಗೆ “ಹೆದರಬೇಡ” ಎಂದರೆ ಸಾಲದು, ಒಂದು ಕೆಲಸ ಕೊಡಿ. ಲೈವ್ ಲೊಕೇಶನ್ ಅವರ ಫೋನಿನಲ್ಲಿರಲಿ, ಇಷ್ಟು ಗಂಟೆಗೆ ಕರೆ ಮಾಡುತ್ತೇನೆ ಎಂದು ಹೇಳಿ, ಆ ಹೊತ್ತಿಗೆ ತಪ್ಪದೆ ಮಾಡಿ. ಹದಿನೈದು ನಿಮಿಷ ಮೀರಿದರೆ ಅವರು ನಿಮಗೆ, ನೀವು ಎತ್ತದಿದ್ದರೆ ಜೊತೆಗೆ ಹೋದ ಗೆಳತಿಗೆ, ಅವಳೂ ಎತ್ತದಿದ್ದರೆ 112ಕ್ಕೆ. ಈ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಗೆಳತಿಯನ್ನು ಜೊತೆಗೆ ಕರೆದೊಯ್ಯುವಾಗ ಆ ಮೂರು ವಾಕ್ಯಗಳನ್ನು ಅವಳಿಗೂ ಕಲಿಸಿ. ನಿಮ್ಮ ದನಿ ಹೊರಡದಿದ್ದರೆ ಅವಳು ಹೇಳಲಿ: “ಇವಳಿಗೆ ನಿಮ್ಮ ಜೊತೆ ಮಾತಾಡೋಕೆ ಇಷ್ಟ ಇಲ್ಲ. ದೂರ ಹೋಗಿ.” ಹಾಗೆ ಹೇಳಿದ ಗಂಟೆಯನ್ನೂ ಹತ್ತಿರದಲ್ಲಿ ಯಾರಿದ್ದರು ಎಂಬುದನ್ನೂ ಮನೆಗೆ ಬಂದ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.